ಮನೆವಾರ್ತೆ: ಎರಡು ಬೀಗದ ಅಂಚೆಪೆಟ್ಟಿಗೆ

ಮನೆಯ ಕಾಗದಪತ್ರಗಳನ್ನು ನಮ್ಮ ಹಿರಿಯರು ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಯಜಮಾನನ ಉಡಿದಾರಕ್ಕೋ ಯಜಮಾನಿಯ ಸೆರಗಿನ ತುದಿಗೋ ಕಟ್ಟಿಕೊಳ್ಳುತ್ತಿದ್ದರು. ಈಗ ಆ ಪೆಟ್ಟಿಗೆಯ ಕೆಲಸವನ್ನು ಬಹುಮಟ್ಟಿಗೆ ಇಮೇಲ್ ಅಂಚೆಯೇ ಮಾಡುತ್ತಿರುವುದಷ್ಟೆ. ಬ್ಯಾಂಕಿನ ಲೆಕ್ಕ, ವಿಮೆಯ ಪತ್ರ, ವಿಮಾನದ ಟಿಕೇಟು, ಆಸ್ಪತ್ರೆಯ ವರದಿ, ಆದಾಯ ತೆರಿಗೆಯವರ ನೋಟೀಸು, ಇವೆಲ್ಲವೂ ಅಲ್ಲಿಗೇ ಬಂದು ಬೀಳುತ್ತವೆ. ಇದಕ್ಕಿಂತಲೂ ದೊಡ್ಡ ಸಂಗತಿಯೊಂದುಂಟು. ಬೇರೆ ಕಡೆಯ ಪಾಸ್‌ವರ್ಡನ್ನು ಮರೆತರೆ ಹೊಸತನ್ನು ಮಾಡಿಕೊಳ್ಳುವ ಕಾಗದವೂ ಈ ಅಂಚೆಗೇ ಬರುವುದರಿಂದ, ಈ ಒಂದು ಪೆಟ್ಟಿಗೆಯನ್ನು ತೆರೆದವನ ಕೈಗೆ ಮನೆಯ ಉಳಿದ ಪೆಟ್ಟಿಗೆಗಳ ಬೀಗದ ಕೈಗಳೂ ಸಿಕ್ಕಿದಂತೆಯೇ ಸರಿ.

ಆದಕಾರಣ ಇಂತಹ ಪೆಟ್ಟಿಗೆಗೆ ಒಂದು ಬೀಗ ಸಾಲದೆಂದು ಬಲ್ಲವರು ಎರಡನೆಯದೊಂದನ್ನು ಏರ್ಪಡಿಸಿದ್ದಾರೆ. ಇದಕ್ಕೆ ಎರಡು ಹಂತದ ಪರಿಶೀಲನೆಯೆಂದು ಹೆಸರು. ಗೂಗಲ್ ಕಂಪನಿಯವರು ತಮ್ಮ ಜಿಮೇಲ್ ಬಳಕೆದಾರರೆಲ್ಲರಿಗೆ ಇದನ್ನು ೨೦೧೧ನೆಯ ಇಸವಿಯಲ್ಲಿ ತೆರೆದಿಟ್ಟರು. ಇದರ ತತ್ತ್ವವು ಸುಲಭವಾದುದು. ತಲೆಯಲ್ಲಿ ತಿಳಿದಿರತಕ್ಕದ್ದು ಒಂದು, ಕೈಯಲ್ಲಿ ಹಿಡಿದಿರತಕ್ಕದ್ದು ಇನ್ನೊಂದು. ಎರಡೂ ಕೂಡಿದರೆ ಮಾತ್ರ ಬಾಗಿಲು ತೆರೆಯುವುದು. ಎಟಿಎಮ್ಮಿನ ಮುಂದೆ ನಿಂತಾಗ ಕಾರ್ಡು ಕೈಯಲ್ಲಿದ್ದು ಪಿನ್ ಸಂಖ್ಯೆಯು ನೆನಪಿನಲ್ಲಿರಬೇಕಲ್ಲವೆ? ಅದೂ ಇದೇ ಬಗೆಯದು. ಇಂಟರ್ನೆಟ್ಟಿನಲ್ಲಿ ಕಾರ್ಡಿನಿಂದ ಹಣ ತೆರುವಾಗ ಇಂತಹ ಎರಡನೆಯ ಪರೀಕ್ಷೆಯು ನಡೆಯಲೇಬೇಕೆಂದು ನಮ್ಮ ರಿಸರ್ವ್ ಬ್ಯಾಂಕು ೨೦೦೯ನೆಯ ಇಸವಿಯ ಆಗಸ್ಟಿನಿಂದಲೇ ಕಟ್ಟುಮಾಡಿತು. ಆಗಿನಿಂದ ಓಟಿಪಿ ಎಂಬ ಮಾತು ಅಡಿಗೆಯ ಮನೆಯವರೆಗೂ ಬಂದಿದೆ.

ದಿನವೂ ಬಳಸುವ ಕಂಪ್ಯೂಟರಿನಲ್ಲಿ ಈ ಎರಡನೆಯ ಬೀಗವು ನಮಗೆ ಕಾಣಿಸುವುದೇ ಇಲ್ಲ. ಅಂಚೆಯವರು ಆ ಯಂತ್ರವನ್ನು ಗುರುತು ಹಿಡಿದು ಸುಮ್ಮನೆ ಒಳಗೆ ಬಿಡುತ್ತಾರೆ. ಹೊಸ ಕಂಪ್ಯೂಟರನ್ನು ಕೊಂಡಾಗ, ಹಳೆಯದು ಕೆಟ್ಟು ಮಗನ ಕಂಪ್ಯೂಟರಿನ ಮುಂದೆ ಕುಳಿತಾಗ, ಪರಸ್ಥಳದಲ್ಲಿ ಬಂಧುಗಳ ಮನೆಯಲ್ಲಿದ್ದಾಗ, ನಮ್ಮ ಮನೆಯ ಬಾಗಿಲಲ್ಲಿ ನಾವೇ ಅಪರಿಚಿತರಾಗಿ ನಿಲ್ಲುತ್ತೇವೆ. ನಿವೃತ್ತರಾದ ದಂಪತಿಗಳು ಮೈಸೂರಿನಿಂದ ಅಮೆರಿಕೆಯಲ್ಲಿರುವ ಮಗಳ ಮನೆಗೆ ಹೋಗಿದ್ದಾರೆಂದು ಇಟ್ಟುಕೊಳ್ಳಿರಿ. ಹಿಂದಿರುಗುವ ಟಿಕೇಟೂ ಯಜಮಾನರ ಹೃದ್ರೋಗದ ವರದಿಗಳೂ ಅಂಚೆಯಲ್ಲಿವೆ. ಅಲ್ಲಿಯ ವೈದ್ಯರು ವರದಿಗಳನ್ನು ಕೇಳಿದ್ದಾರೆ. ಮಗಳ ಕಂಪ್ಯೂಟರಿನಲ್ಲಿ ಪಾಸ್‌ವರ್ಡನ್ನು ಒತ್ತಿದರೆ, ‘ನಿಮ್ಮ ಮೊಬೈಲಿಗೆ ಸಂಖ್ಯೆಯನ್ನು ಕಳುಹಿಸಿದ್ದೇವೆ’ ಎಂಬ ಉತ್ತರ. ಆ ಸಂಖ್ಯೆ ಹೋಗಬೇಕಾದ ಸಿಮ್ಮು ಮೈಸೂರಿನ ಬೀರುವಿನಲ್ಲಿದೆ! ಇಂತಹ ಸಮಯದಲ್ಲಿ ಏನು ಮಾಡತಕ್ಕದ್ದು, ಇಂತಹ ಸಮಯವೇ ಬಾರದಂತೆ ಮೊದಲು ಏನು ಮಾಡಿರತಕ್ಕದ್ದು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಎಲ್ಲಕ್ಕಿಂತ ಮೊದಲ ಮಾತು: ಗಾಬರಿಯಿಂದ ಮೇಲಿಂದ ಮೇಲೆ ಪ್ರಯತ್ನಿಸಬಾರದು. ಹತ್ತಾರು ಸಲ ತಪ್ಪು ಸಂಖ್ಯೆಯನ್ನು ಕೊಟ್ಟರೆ ಅಂಚೆಯವರು ನಮ್ಮನ್ನೇ ಕಳ್ಳರೆಂದು ಶಂಕಿಸಿ, ಕೆಲವು ಕಾಲ ಬಾಗಿಲನ್ನು ಪೂರಾ ಮುಚ್ಚಿಬಿಡುತ್ತಾರೆ. ಎರಡನೆಯ ಮಾತು: ಹಳೆಯ ಕಂಪ್ಯೂಟರಿನಲ್ಲಾಗಲಿ ಫೋನಿನಲ್ಲಾಗಲಿ ಅಂಚೆಯು ಇನ್ನೂ ತೆರೆದಿದ್ದರೆ ಅದನ್ನು ಮುಚ್ಚಕೂಡದು. ಹೊಸದರಲ್ಲಿ ಕೆಲಸ ಸುಸೂತ್ರವಾಗಿ ನಡೆಯುವ ತನಕ ಹಳೆಯದನ್ನು ಅಳಿಸುವುದಾಗಲಿ, ಮಾರುವುದಾಗಲಿ, ಯಾರಿಗಾದರೂ ಕೊಟ್ಟುಬಿಡುವುದಾಗಲಿ ಸಲ್ಲದು. ತೊಂದರೆಯಲ್ಲಿ ನಮ್ಮ ಪರವಾಗಿ ಸಾಕ್ಷಿ ಹೇಳತಕ್ಕದ್ದು ಆ ಹಳೆಯ ಯಂತ್ರವೇ. ತರುವಾಯ, ತಡೆಯು ಯಾವ ಮೆಟ್ಟಿಲಿನಲ್ಲಿದೆಯೆಂದು ನಿದಾನವಾಗಿ ಗೊತ್ತುಮಾಡಿಕೊಳ್ಳಬೇಕು. ಅಂತಹ ಮೆಟ್ಟಿಲುಗಳು ನಾಲ್ಕು.

ಪಾಸ್‌ವರ್ಡೇ ಹೊಂದದಿದ್ದರೆ

ಇದು ಎರಡನೆಯ ಬೀಗದ ದೋಷವಲ್ಲ, ಮೊದಲನೆಯದರದು. ಪರರ ಕಂಪ್ಯೂಟರಿನಲ್ಲಿ ಕೀಲಿಮಣೆಯು ಬೇರೊಂದು ಭಾಷೆಗೆ ತಿರುಗಿರಬಹುದು. ದೊಡ್ಡಕ್ಷರದ ಗುಂಡಿಯು ಒತ್ತಿಕೊಂಡಿರಬಹುದು. ಬಲಗಡೆಯ ಅಂಕಿಗಳ ಮಣೆಯು ಆರಿರಬಹುದು. ಬೇರೆ ದೇಶದ ಕೀಲಿಮಣೆಯಾದರೆ ಕೆಲವು ಚಿಹ್ನೆಗಳು ಸ್ಥಾನ ಬದಲಿಸಿರುವುದೂ ಉಂಟು. ಪಾಸ್‌ವರ್ಡಿನ ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ಒತ್ತಿ, ಬರೆದುದನ್ನು ಒಮ್ಮೆ ಓದಿಕೊಂಡರೆ ಈ ಸಂಶಯವು ಪರಿಹಾರವಾಗುವುದು.

ಸಂಖ್ಯೆಯೇ ಬಾರದಿದ್ದರೆ

ಮೊದಲು, ಅದು ಎಲ್ಲಿಗೆ ಹೋಗಿದೆಯೆಂಬುದನ್ನು ನೋಡಬೇಕು. ಪರದೆಯ ಮೇಲೆ ಫೋನ್ ಸಂಖ್ಯೆಯ ಕೊನೆಯ ಒಂದೆರಡು ಅಂಕಿಗಳನ್ನು ತೋರಿಸಿರುತ್ತಾರೆ. ಎಷ್ಟೋ ವೇಳೆ ಅವು ಬಿಟ್ಟುಬಿಟ್ಟ ಹಳೆಯ ಸಂಖ್ಯೆಯವಾಗಿರುತ್ತವೆ. ಸಂಖ್ಯೆ ಸರಿಯಾಗಿದ್ದರೆ ಫೋನಿಗೆ ಸಿಗ್ನಲ್ಲು ಇದೆಯೆ, ಸಂದೇಶಗಳ ಜಾಗ ತುಂಬಿದೆಯೆ, ಬೇಡದ ಸಂದೇಶಗಳ ಗುಂಪಿಗೆ ಅದು ಸರಿದುಹೋಗಿದೆಯೆ ಎಂದು ಪರೀಕ್ಷಿಸಬೇಕು. ಫೋನನ್ನು ಆರಿಸಿ ಮತ್ತೆ ಹೊತ್ತಿಸುವುದು ಸಣ್ಣ ಉಪಾಯವಾದರೂ ಹಲವು ಸಲ ಫಲಿಸುತ್ತದೆ. ತಾಳ್ಮೆಗೆಟ್ಟು ಮೂರು ಸಲ ಸಂಖ್ಯೆಯನ್ನು ಬೇಡಿದರೆ ಮೂರೂ ಒಟ್ಟಿಗೆ ಬಂದು ಗೊಂದಲವಾಗುವುದುಂಟು. ಅವುಗಳಲ್ಲಿ ಕೊನೆಯದನ್ನೇ ಬರೆಯತಕ್ಕದ್ದು.

ಕೆಲವು ವೇಳೆ ಅಂಚೆಯವರು ಅಂಕಿಗಳನ್ನು ಕಳುಹಿಸದೆ, ‘ಒಳಗೆ ಬರುತ್ತಿರುವವರು ನೀವೇ ಹೌದೆ?’ ಎಂದು ಫೋನಿನ ಪರದೆಯ ಮೇಲೆ ಕೇಳುತ್ತಾರೆ. ಇದು ಇಂಟರ್ನೆಟ್ಟಿನ ಮೂಲಕ ಬರತಕ್ಕದ್ದು. ಸಂದೇಶಗಳ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಅದು ಸಿಕ್ಕದು. ಫೋನಿನಲ್ಲಿ ಇಂಟರ್ನೆಟ್ಟು ನಡೆಯುತ್ತಿರಬೇಕು, ಅದೇ ಖಾತೆಯು ಅದರಲ್ಲಿ ತೆರೆದಿರಬೇಕು.

ಒಂದು ದಾರಿ ಕಟ್ಟಿದರೆ ಇನ್ನೊಂದನ್ನು ಹಿಡಿಯಬಹುದು. ಸಂಖ್ಯೆ ಕೇಳುವ ಪುಟದ ಕೆಳಗೆ ‘ಬೇರೆ ವಿಧಾನವನ್ನು ಪ್ರಯತ್ನಿಸಿ’ ಎಂಬ ಸಾಲು ಇರುತ್ತದೆ. ಅದನ್ನು ಒತ್ತಿದರೆ ನಾವು ಹಿಂದೆ ಏರ್ಪಡಿಸಿಕೊಂಡಿದ್ದ ಉಳಿದ ದಾರಿಗಳೆಲ್ಲ ಕಾಣಿಸುತ್ತವೆ. ಮೇಲೆ ಹೇಳಿದ ದಂಪತಿಗಳು ಹೊರಡುವ ಮುನ್ನ ಇಂತಹ ಎರಡನೆಯ ದಾರಿಯೊಂದನ್ನು ಮಾಡಿಟ್ಟಿದ್ದರೆ, ಬೀರುವಿನಲ್ಲುಳಿದ ಸಿಮ್ಮಿಗಾಗಿ ಅವರು ವ್ಯಥೆಪಡಬೇಕಾಗಿರಲಿಲ್ಲ.

ಸಂಖ್ಯೆ ಬಂದರೂ ಒಪ್ಪದಿದ್ದರೆ

ಫೋನಿಗೆ ಸಂದೇಶವಾಗಿ ಬರುವ ಸಂಖ್ಯೆಗೆ ಅಲ್ಪಾಯುಷ್ಯ. ಅದನ್ನು ಚೀಟಿಯಲ್ಲಿ ಬರೆದಿಟ್ಟು ಊಟ ಮುಗಿಸಿ ಬಂದು ಒತ್ತಿದರೆ ನಡೆಯದು. ಆದರೆ ಅಥೆಂಟಿಕೇಟರ್ ಎಂಬ ಆ್ಯಪ್ಪಿನಿಂದ ಪಡೆದ ಆರು ಅಂಕಿಗಳು ಮತ್ತೆ ಮತ್ತೆ ತಪ್ಪೆನಿಸಿಕೊಂಡರೆ ಕಾರಣವು ಬಹುಶಃ ಫೋನಿನ ಗಡಿಯಾರದಲ್ಲಿರುತ್ತದೆ. ಇದು ಹೇಗೆಂಬುದನ್ನು ತಿಳಿಯುವುದು ಒಳ್ಳೆಯದು.

ಒಂದೇ ಸಿದ್ಧಾಂತವನ್ನು ಹಿಡಿದು ಎರಡು ಊರುಗಳಲ್ಲಿ ಇಬ್ಬರು ಜೋಯಿಸರು ಪಂಚಾಂಗವನ್ನು ಗಣಿಸಿದರೆ, ಒಬ್ಬರಿಗೊಬ್ಬರು ಕಾಗದ ಬರೆಯದಿದ್ದರೂ ತಿಥಿಯು ಒಂದೇ ಬರುತ್ತದೆ. ಈ ಆ್ಯಪ್ಪಿನ ಕ್ರಮವೂ ಹಾಗೆಯೇ. ಮೊದಲ ದಿನ ಚೌಕಾಕಾರದ ಚಿತ್ರವನ್ನು ಫೋನಿಗೆ ತೋರಿಸಿದಾಗ ಒಂದು ರಹಸ್ಯವು ಅಂಚೆಯವರಲ್ಲಿಯೂ ನಮ್ಮ ಫೋನಿನಲ್ಲಿಯೂ ನೆಲೆಸುತ್ತದೆ. ಅಲ್ಲಿಂದ ಮುಂದೆ ಇಬ್ಬರೂ ಆ ರಹಸ್ಯವನ್ನೂ ಆಗಿನ ಹೊತ್ತನ್ನೂ ಕೂಡಿಸಿ ಲೆಕ್ಕಮಾಡಿ, ಸಾಮಾನ್ಯವಾಗಿ ೩೦ ಸೆಕೆಂಡಿಗೊಂದು ಹೊಸ ಸಂಖ್ಯೆಯನ್ನು ಪಡೆಯುತ್ತಾರೆ. ಈ ಲೆಕ್ಕದ ಕ್ರಮವು ೨೦೧೧ರಲ್ಲಿ ಆರ್‌ಎಫ್‌ಸಿ ೬೨೩೮ ಎಂಬ ಹೆಸರಿನಿಂದ ಬಹಿರಂಗವಾಗಿ ಪ್ರಕಟವಾಗಿದೆ. ಇದಕ್ಕೆ ಸಿಮ್ಮೂ ಬೇಡ, ಇಂಟರ್ನೆಟ್ಟೂ ಬೇಡ. ಆದುದರಿಂದಲೇ ಪರದೇಶಕ್ಕೆ ಹೋಗುವವರಿಗೆ ಇದು ಅತ್ಯಂತ ಅನುಕೂಲವಾದುದು. ಆದರೆ ಗಡಿಯಾರವು ಕೆಲವು ನಿಮಿಷ ಹಿಂದುಮುಂದಾದರೆ ಇಬ್ಬರ ಗಣಿತವೂ ಬೇರೆಯಾಗುತ್ತದೆ. ಪರದೇಶದಲ್ಲಿ ಇಳಿದೊಡನೆ ಕೆಲವರು ಫೋನಿನ ಮುಳ್ಳನ್ನು ಕೈಯಿಂದಲೇ ತಿರುಗಿಸಿ ಅಲ್ಲಿಯ ಹೊತ್ತಿಗೆ ಇಡುತ್ತಾರೆ. ದೇಶದ ಹೆಸರನ್ನು ಮಾತ್ರ ಭಾರತವೆಂದೇ ಬಿಟ್ಟಿರುತ್ತಾರೆ. ನಮ್ಮ ಹೊತ್ತು ಜಗತ್ತಿನ ಮೂಲಮಾನಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ಫೋನು ಆ ಐದೂವರೆ ಗಂಟೆಯನ್ನೇ ಕಳೆದು ಲೆಕ್ಕ ಹಾಕುತ್ತದೆ, ಉತ್ತರವು ತಪ್ಪುತ್ತದೆ. ಫೋನಿನಲ್ಲಿ ದಿನಾಂಕ, ಸಮಯ, ಕಾಲವಲಯ ಇವುಗಳನ್ನು ‘ತಾನಾಗಿಯೇ ಹೊಂದಿಕೊಳ್ಳಲಿ’ ಎಂದು ಬಿಟ್ಟರೆ ಈ ರೋಗಕ್ಕೆ ಅದೇ ಮದ್ದು.

ಒಬ್ಬರೇ ಎರಡು ಮೂರು ಖಾತೆಗಳನ್ನಿಟ್ಟುಕೊಂಡಿದ್ದರೆ ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಬರೆಯುವುದೂ ನಡೆಯುತ್ತದೆ. ಸಂಖ್ಯೆಯ ಪಕ್ಕದಲ್ಲಿರುವ ಹೆಸರನ್ನು ಓದಿಯೇ ಬರೆಯಬೇಕು.

ಅಂಚೆ ತೆರೆದರೂ ಅಂಚೆಯ ಪ್ರೋಗ್ರಾಮು ಒಪ್ಪದಿದ್ದರೆ

ಇದೇ ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವ ತೊಡಕು. ಬ್ರೌಸರಿನಲ್ಲಿ ಅಂಚೆಯು ಸರಾಗವಾಗಿ ತೆರೆಯುತ್ತದೆ. ಥಂಡರ್‌ಬರ್ಡ್, ಔಟ್‌ಲುಕ್ ಮೊದಲಾದ ಪ್ರೋಗ್ರಾಮುಗಳನ್ನು ಹೊಸ ಕಂಪ್ಯೂಟರಿಗೆ ಹಾಕಿದರೆ ಮಾತ್ರ ‘ಪಾಸ್‌ವರ್ಡು ತಪ್ಪು’ ಎಂದು ಹಟ ಹಿಡಿಯುತ್ತವೆ. ಪಾಸ್‌ವರ್ಡು ತಪ್ಪಲ್ಲ. ಹಳೆಯ ಕ್ರಮದ ಪ್ರೋಗ್ರಾಮಿಗೆ ಹೆಸರು, ಪಾಸ್‌ವರ್ಡು ಎಂಬ ಎರಡು ಪ್ರಶ್ನೆಗಳು ಮಾತ್ರ ಗೊತ್ತು. ಮೂರನೆಯದನ್ನು ಕೇಳುವ ಬಾಯಿ ಅದಕ್ಕಿಲ್ಲ. ಫೋನಿಗೆ ಬಂದ ಆರು ಅಂಕಿಗಳನ್ನು ಪಾಸ್‌ವರ್ಡಿನ ಜಾಗದಲ್ಲಿ ಬರೆದರೂ ಅದು ನಡೆಯದು.

ಇದಕ್ಕೆ ಉತ್ತಮವಾದ ಉಪಾಯವು ಓಆತ್ ಎಂಬ ಹೊಸ ಕ್ರಮ. ಇದರಲ್ಲಿ ಪ್ರೋಗ್ರಾಮು ನಮ್ಮ ಪಾಸ್‌ವರ್ಡನ್ನು ತಾನು ಕೇಳದೆ, ಅಂಚೆಯವರ ಪುಟವನ್ನೇ ತೆರೆದು ತೋರಿಸುತ್ತದೆ. ಎರಡೂ ಬೀಗಗಳನ್ನು ಅಲ್ಲಿಯೇ ತೆರೆದು ಅನುಮತಿ ಕೊಟ್ಟರೆ ಮುಗಿಯಿತು. ಥಂಡರ್‌ಬರ್ಡಿನಲ್ಲಾದರೆ ಖಾತೆಯ ಏರ್ಪಾಡುಗಳನ್ನು ತೆರೆದು, ಸರ್ವರಿನ ಪುಟದಲ್ಲಿ ದೃಢೀಕರಣದ ವಿಧಾನವನ್ನು ‘ಓಆತ್ ೨’ ಎಂದು ಬದಲಿಸಬೇಕು. ಇಲ್ಲಿ ಬಹುಮಂದಿ ಮರೆಯುವ ಸಂಗತಿಯೆಂದರೆ, ಬರುವ ಅಂಚೆಗೆ ಒಂದು ಸರ್ವರು, ಹೋಗುವ ಅಂಚೆಗೆ ಇನ್ನೊಂದು. ಬದಲಾವಣೆಯನ್ನು ಎರಡರಲ್ಲಿಯೂ ಮಾಡಬೇಕು. ಕಾಗದಗಳು ಬರುತ್ತವೆ, ಕಳುಹಿಸಲು ಮಾತ್ರ ಆಗದು ಎಂದಾದರೆ ದೋಷವು ಎರಡನೆಯದರಲ್ಲಿಯೇ ಇರುವ ಸಂಭವ ಹೆಚ್ಚು. ಜಿಮೇಲಿಗೆ ಬರುವ ಅಂಚೆಯ ಪೋರ್ಟ್ ಸಂಖ್ಯೆ ೯೯೩, ಹೋಗುವುದಕ್ಕೆ ೪೬೫ ಅಥವಾ ೫೮೭. ಪ್ರೋಗ್ರಾಮು ನೆನಪಿಟ್ಟುಕೊಂಡಿರುವ ಹಳೆಯ ಪಾಸ್‌ವರ್ಡನ್ನು ಅಳಿಸಿ ಮತ್ತೆ ಪ್ರಾರಂಭಿಸುವುದೂ ಅವಶ್ಯಕ. ಓಆತ್ ಪುಟವು ತೆರೆದೊಡನೆ ಮುಚ್ಚಿಕೊಂಡರೆ, ಥಂಡರ್‌ಬರ್ಡಿನಲ್ಲಿ ಕುಕೀಗಳನ್ನು ತಡೆದಿದೆಯೇ ಎಂದು ನೋಡಬೇಕು.

ಪ್ರೋಗ್ರಾಮು ಬಹಳ ಹಳೆಯದಾಗಿ ಓಆತನ್ನು ಅರಿಯದಿದ್ದರೆ ಜಿಮೇಲಿನವರು ‘ಆ್ಯಪ್ ಪಾಸ್‌ವರ್ಡ್’ ಎಂಬುದನ್ನು ಕೊಡುತ್ತಾರೆ. ಅದು ೧೬ ಅಕ್ಷರಗಳದು. ಎರಡು ಹಂತದ ಪರಿಶೀಲನೆಯನ್ನು ಮಾಡಿಕೊಂಡವರಿಗೆ ಮಾತ್ರ ಸಿಕ್ಕತಕ್ಕದ್ದು. ಒಮ್ಮೆ ಮಾತ್ರ ತೋರಿಸತಕ್ಕದ್ದು. ನಮ್ಮ ಪಾಸ್‌ವರ್ಡಿನ ಬದಲು ಇದನ್ನು ಪ್ರೋಗ್ರಾಮಿಗೆ ಕೊಡಬೇಕು. ಗೂಗಲ್ ಖಾತೆಯ ಮುಖ್ಯ ಪಾಸ್‌ವರ್ಡನ್ನು ಬದಲಿಸಿದರೆ ಹಳೆಯ ಆ್ಯಪ್ ಪಾಸ್‌ವರ್ಡುಗಳೆಲ್ಲ ರದ್ದಾಗುತ್ತವೆ. ‘ನಿನ್ನೆಯವರೆಗೂ ನಡೆಯುತ್ತಿತ್ತು, ಇಂದು ನಿಂತಿತು’ ಎಂಬ ದೂರಿಗೆ ಇದೊಂದು ಕಾರಣ. ಬರಿಯ ಪಾಸ್‌ವರ್ಡಿನಿಂದ ಹಳೆಯ ಪ್ರೋಗ್ರಾಮುಗಳು ಒಳಬರುವುದನ್ನು ಗೂಗಲಿನವರು ೨೦೨೨ನೆಯ ಇಸವಿಯ ಮೇ ೩೦ರಿಂದ ವೈಯಕ್ತಿಕ ಖಾತೆಗಳಲ್ಲಿ ನಿಲ್ಲಿಸಿದರು. ಮೈಕ್ರೋಸಾಫ್ಟಿನವರು ತಮ್ಮ ಔಟ್‌ಲುಕ್ ಅಂಚೆಯ ವೈಯಕ್ತಿಕ ಖಾತೆಗಳಿಗೆ ೨೦೨೪ರ ಸೆಪ್ಟೆಂಬರ್ ೧೬ರಿಂದ ಹಳೆಯ ಕ್ರಮವನ್ನು ಮುಗಿಸಿ, ಹೊಸ ಕ್ರಮವನ್ನೇ ಕಡ್ಡಾಯಮಾಡಿದರು. ಆದುದರಿಂದ ಆ ಅಂಚೆಯನ್ನುಳ್ಳವರು ಪ್ರೋಗ್ರಾಮನ್ನೇ ಹೊಸದಕ್ಕೆ ಬದಲಿಸಿಕೊಳ್ಳುವುದು ಮೇಲು.

ಎಲ್ಲ ದಾರಿಗಳೂ ಕಟ್ಟಿದರೆ

ಆಗ ಆ ಹಳೆಯ ಕಂಪ್ಯೂಟರನ್ನು ನೆನೆಯತಕ್ಕದ್ದು. ಊರಿನ ಮನೆಯಲ್ಲಿ ಅಂಚೆಯು ತೆರೆದಿರುವ ಯಂತ್ರವೊಂದಿದ್ದು ಅಲ್ಲಿ ನಂಬಿಕೆಯ ಮನುಷ್ಯರಿದ್ದರೆ, ಅವರಿಂದಲೇ ವರದಿಗಳನ್ನು ತರಿಸಿಕೊಳ್ಳಬಹುದು. ಭದ್ರತೆಯ ಪುಟಕ್ಕೆ ಹೋಗಿ ಬೇರೊಂದು ದಾರಿಯನ್ನು ಏರ್ಪಡಿಸಲೂಬಹುದು. ಹಾಗೂ ಇಲ್ಲವಾದರೆ ಖಾತೆಯನ್ನು ಮರಳಿ ಪಡೆಯುವ ಅಂಚೆಯವರ ಪುಟದಲ್ಲಿ ಅರ್ಜಿ ಹಾಕಬೇಕು. ಎಂದಿನ ಊರಿನಿಂದ, ಎಂದಿನ ಯಂತ್ರದಿಂದ ಅರ್ಜಿ ಹೋದರೆ ನಂಬಿಕೆ ಹೆಚ್ಚು. ಉತ್ತರಕ್ಕೆ ಕೆಲವು ದಿನ ಕಾಯಿಸಿದರೂ ಬೇಸರಿಸಬಾರದು. ಅದು ಕಳ್ಳನನ್ನು ಕಾಯಿಸುವ ಉಪಾಯವೇ ಆಗಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಕಷ್ಟದಲ್ಲಿರುವವರು ಇಂಟರ್ನೆಟ್ಟಿನಲ್ಲಿ ಹುಡುಕಿ ಯಾವುದೋ ಸಹಾಯವಾಣಿಯ ಸಂಖ್ಯೆಗೆ ಕರೆಮಾಡುತ್ತಾರೆ. ಆ ಕಡೆಯವನು ಬಹಳ ವಿನಯದಿಂದ, ‘ಈಗ ಒಂದು ಸಂಖ್ಯೆ ಬರುತ್ತದೆ, ಓದಿ ಹೇಳಿ ಅಮ್ಮಾ’ ಎನ್ನುತ್ತಾನೆ. ಓದಿ ಹೇಳಿದರೆ ಎರಡನೆಯ ಬೀಗದ ಕೈಯನ್ನು ನಾವೇ ಕಳ್ಳನ ಕೈಯಲ್ಲಿಟ್ಟಂತಾಯಿತು. ಅಂಚೆಯವರಾಗಲಿ ಬ್ಯಾಂಕಿನವರಾಗಲಿ ಎಂದಿಗೂ ಈ ಸಂಖ್ಯೆಯನ್ನು ಫೋನಿನಲ್ಲಿ ಕೇಳುವುದಿಲ್ಲ. ನಾವು ಎಲ್ಲಿಯೂ ಒಳಗೆ ಹೋಗುತ್ತಿಲ್ಲದಾಗ ‘ನೀವೇ ಹೌದೆ?’ ಎಂಬ ಪ್ರಶ್ನೆ ಫೋನಿನಲ್ಲಿ ಬಂದರೆ, ‘ಅಲ್ಲ’ ಎಂದೇ ಒತ್ತಿ ಕೂಡಲೆ ಪಾಸ್‌ವರ್ಡನ್ನು ಬದಲಿಸಬೇಕು. ಮೋಸದಿಂದ ಹಣ ಹೋಗಿದ್ದರೆ ತಡಮಾಡದೆ ೧೯೩೦ ಎಂಬ ಸರ್ಕಾರದ ಸಂಖ್ಯೆಗೆ ತಿಳಿಸತಕ್ಕದ್ದು.

ಮೊದಲೇ ಮಾಡಿಡತಕ್ಕ ಕೆಲಸಗಳು

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂಬ ಗಾದೆಯಂತೆ ಆಗಬಾರದು. ಬಿಡುವಾದ ಒಂದು ಭಾನುವಾರ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಟ್ಟರೆ ಸಾಕು.

ಮೊದಲನೆಯದಾಗಿ, ಗೂಗಲಿನವರು ೧೦ ಬದಲಿ ಸಂಖ್ಯೆಗಳ ಒಂದು ಪಟ್ಟಿಯನ್ನು ಕೊಡುತ್ತಾರೆ. ಒಂದೊಂದೂ ಎಂಟು ಅಂಕಿಗಳದು; ಒಂದೊಂದನ್ನು ಒಂದು ಸಲ ಮಾತ್ರ ಬಳಸಬಹುದು. ಅದನ್ನು ಕಾಗದದ ಮೇಲೆ ಬರೆದು ಒಡವೆಗಳ ಜೊತೆಯಲ್ಲಿಡಿರಿ. ಪ್ರಯಾಣಕ್ಕೆ ಹೊರಟಾಗ ಒಂದು ಪ್ರತಿಯನ್ನು ಪಾಸ್‌ಪೋರ್ಟಿನೊಡನೆ ಒಯ್ಯಿರಿ. ಬಳಸಿದ ಸಂಖ್ಯೆಯ ಮೇಲೆ ಗೀಟು ಹಾಕಿರಿ. ಹೊಸ ಪಟ್ಟಿಯನ್ನು ಪಡೆದರೆ ಹಳೆಯದು ನಿರರ್ಥಕವಾಗುತ್ತದೆ. ಈ ಪಟ್ಟಿಯನ್ನು ಅದೇ ಅಂಚೆಯೊಳಗೆ ಇಟ್ಟರೆ, ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯ ಒಳಗೇ ಇಟ್ಟು ಬೀಗ ಒತ್ತಿದಂತೆ.

ಎರಡನೆಯದಾಗಿ, ಗಂಡ ಹೆಂಡಿರು ಒಬ್ಬರ ಖಾತೆಗೆ ಇನ್ನೊಬ್ಬರ ಫೋನನ್ನೂ ಸೇರಿಸಿಡುವುದು ಹಿತ. ಸಂಖ್ಯೆಯನ್ನು ಬದಲಿಸಿದ ದಿನವೇ ಅಂಚೆಯಲ್ಲಿಯೂ ಬದಲಿಸಬೇಕು. ಬಿಟ್ಟ ಸಂಖ್ಯೆಯು ಕಾಲಾಂತರದಲ್ಲಿ ಬೇರೊಬ್ಬರಿಗೆ ಸೇರುತ್ತದೆಂಬುದನ್ನು ಮರೆಯಬಾರದು. ಹೊಸ ಫೋನನ್ನು ಕೊಂಡಾಗ ಅಥೆಂಟಿಕೇಟರಿನ ಖಾತೆಗಳನ್ನು ಅದಕ್ಕೆ ವರ್ಗಾಯಿಸಿ, ಒಮ್ಮೆ ಪರೀಕ್ಷಿಸಿದ ಮೇಲೆಯೇ ಹಳೆಯದನ್ನು ಕೊಡಬೇಕು.

ಮೂರನೆಯದಾಗಿ, ಪರರ ಕಂಪ್ಯೂಟರಿನಲ್ಲಿ ಅಂಚೆಯನ್ನು ತೆರೆದರೆ ಖಾಸಗಿ ಕಿಟಕಿಯಲ್ಲಿಯೇ ತೆರೆಯಿರಿ. ‘ಈ ಕಂಪ್ಯೂಟರಿನಲ್ಲಿ ಮತ್ತೆ ಕೇಳಬೇಡ’ ಎಂಬ ಗುರುತನ್ನು ಸ್ವಂತ ಯಂತ್ರದಲ್ಲಲ್ಲದೆ ಬೇರೆಲ್ಲಿಯೂ ಹಾಕಬೇಡಿರಿ. ಹಿಂದಿರುಗಿದ ಮೇಲೆ ಖಾತೆಯ ಭದ್ರತೆಯ ಪುಟದಲ್ಲಿರುವ ಯಂತ್ರಗಳ ಪಟ್ಟಿಯನ್ನು ನೋಡಿ, ಬೇಡವಾದುದನ್ನು ತೆಗೆದುಹಾಕಿರಿ.

ಕೊನೆಯ ಮಾತು ಸ್ವಲ್ಪ ಗಂಭೀರವಾದುದು. ಅನೇಕ ಮನೆಗಳಲ್ಲಿ ಪಾಸ್‌ವರ್ಡೂ ಫೋನೂ ಯಜಮಾನನೊಬ್ಬನ ವಶದಲ್ಲಿಯೇ ಇರುತ್ತವೆ. ಆತನು ಹಠಾತ್ತನೆ ಕಾಲವಶನಾದರೆ, ದುಃಖದಲ್ಲಿ ಮುಳುಗಿರುವ ಗೃಹಿಣಿಯು ವಿಮೆಯ ಪತ್ರಕ್ಕಾಗಿ ಎರಡು ಬೀಗದ ಬಾಗಿಲಿನ ಮುಂದೆ ನಿಲ್ಲಬೇಕಾಗುತ್ತದೆ. ಕಳ್ಳನಿಗಾಗಿ ಹಾಕಿದ ಬೀಗವು ಕೈಹಿಡಿದವಳನ್ನೇ ಹೊರಗಿಟ್ಟಂತಾಗುತ್ತದೆ. ಗೂಗಲಿನಲ್ಲಿ ೨೦೧೩ರಿಂದಲೂ ಒಂದು ಏರ್ಪಾಡುಂಟು: ಖಾತೆಯು ನಾವು ಗೊತ್ತುಮಾಡಿದಷ್ಟು ತಿಂಗಳು ಬಳಕೆಯಿಲ್ಲದೆ ಬಿದ್ದಿದ್ದರೆ, ನಾವು ಹೆಸರಿಸಿದವರಿಗೆ ತಿಳಿಸಿ, ನಾವು ಒಪ್ಪಿದಷ್ಟನ್ನು ಅವರಿಗೆ ಕೊಡುತ್ತಾರೆ. ಅದನ್ನು ತುಂಬಿಡುವುದು ಒಳ್ಳೆಯದು. ಆದರೆ ತಿಂಗಳುಗಟ್ಟಲೆ ಕಾಯಲಾರದ ಕೆಲಸಗಳೂ ಇರುತ್ತವೆ. ಆದುದರಿಂದ ಆ ಹತ್ತು ಸಂಖ್ಯೆಗಳ ಪಟ್ಟಿ ಎಲ್ಲಿದೆ, ಅದನ್ನು ಹೇಗೆ ಬಳಸಬೇಕು ಎಂಬುದು ಮನೆಯಲ್ಲಿ ಇಬ್ಬರಿಗಾದರೂ ತಿಳಿದಿರಲಿ. ಯಜಮಾನರು ಪಕ್ಕದಲ್ಲಿ ಕುಳಿತು, ಗೃಹಿಣಿಯ ಕೈಯಿಂದಲೇ ಒಮ್ಮೆ ಬೇರೆ ಕಂಪ್ಯೂಟರಿನಲ್ಲಿ ಅಂಚೆಯನ್ನು ತೆರೆಸಿ ನೋಡಲಿ. ಆ ಅರ್ಧ ಗಂಟೆಯ ಪಾಠವು ವಿಮೆಯ ಕಂತಿನಷ್ಟೇ ಮನೆಗೆ ಅವಶ್ಯಕವಾದುದು.